ಮತಗಟ್ಟೆಗೆ ಅಪರೂಪಕ್ಕೆ ಬರುವವರ ಲೆಕ್ಕ

ಮತದಾನದ ಪ್ರಮಾಣ ಏರಿದರೆ ಅಥವಾ ಇಳಿದರೆ ಫಲಿತಾಂಶದ ಮೇಲೆ ಏನು ಪರಿಣಾಮವಾಗುತ್ತದೆ ಎಂಬುದರ ಕುರಿತು ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಬಾರಿ ಎತ್ತಿಕೊಳ್ಳಲಾಗಿದೆ. ಕ್ಷೇತ್ರದ ಮಾತು ಬಂದಲ್ಲಿ ಪಕ್ಷದ ಹೆಸರೂ ಬರುತ್ತದೆ. ಅದನ್ನು ಹೊಗಳಿಕೆಯೆಂದಾಗಲಿ ತೆಗಳಿಕೆಯೆಂದಾಗಲಿ ಭಾವಿಸಬಾರದಾಗಿ ವಿನಂತಿ.

ಮತದಾನ ಮುಗಿದ ಸಂಜೆ ಟಿ.ವಿ. ಚರ್ಚೆಗಳಲ್ಲಿ ‘ಈ ಸಲ ಭರ್ಜರಿ ಮತದಾನವಾಗಿದೆ, ಆಡಳಿತ ಪಕ್ಷಕ್ಕೆ ಇದು ಅಪಾಯದ ಸೂಚನೆ’ ಎನ್ನುತ್ತಾರೆ. ಕಡಿಮೆಯಾದರೆ ‘ಜನರಿಗೆ ಬೇಸರವಿಲ್ಲ, ಸರ್ಕಾರ ಉಳಿಯುತ್ತದೆ’ ಎನ್ನುತ್ತಾರೆ. ಈ ಮಾತಿಗೆ ಆಧಾರವಿದೆಯೇ?
— ನಿವೃತ್ತ ಶಿಕ್ಷಕಿ, ತಿಪಟೂರು

ಆಧಾರವೆಂದು ಎಲ್ಲರೂ ಮೊದಲು ತೋರಿಸುವುದು 1977ರ ಚುನಾವಣೆಯನ್ನು. 1971ರಲ್ಲಿ ಶೇ 55ರಷ್ಟಿದ್ದ ಲೋಕಸಭಾ ಮತದಾನ ತುರ್ತು ಪರಿಸ್ಥಿತಿಯ ನಂತರ ನಡೆದ ಆ ಚುನಾವಣೆಯಲ್ಲಿ ಶೇ 60 ದಾಟಿತು, ಇಂದಿರಾ ಗಾಂಧಿಯವರ ಸರ್ಕಾರ ಉರುಳಿತು. ಆದರೆ ಅಲ್ಲಿಂದ ಮುಂದಕ್ಕೆ ನೋಡುತ್ತ ಹೋದರೆ ಈ ಸೂತ್ರ ನಿಲ್ಲುವುದಿಲ್ಲ. 1980ರಲ್ಲಿ ಮತದಾನ ಶೇ 57ಕ್ಕೆ ಇಳಿಯಿತು. ಆಗಲೂ ಅಧಿಕಾರ ಬದಲಾಯಿತು. 1984ರಲ್ಲಿ ಶೇ 64ರ ಹತ್ತಿರಕ್ಕೆ ಏರಿತು. ಅಧಿಕಾರದಲ್ಲಿದ್ದ ಕಾಂಗ್ರೆಸ್ 400ಕ್ಕೂ ಹೆಚ್ಚು ಸ್ಥಾನಗಳನ್ನು ಗೆದ್ದಿತು. 2009ರಲ್ಲಿ ಶೇ 58ರಷ್ಟಿದ್ದದ್ದು 2014ರಲ್ಲಿ ಶೇ 66 ಮೀರಿದಾಗ ಸರ್ಕಾರ ಸೋತಿತು. 2019ರಲ್ಲಿ ಇನ್ನೂ ಒಂದು ಅಂಶ ಏರಿದಾಗ, 2014ರಲ್ಲಿ ಗೆದ್ದು ಬಂದಿದ್ದ ಸರ್ಕಾರವೇ ಮೊದಲಿಗಿಂತ ಹೆಚ್ಚು ಬಲದೊಂದಿಗೆ ಮರಳಿತು.

ನಮ್ಮ ರಾಜ್ಯದ ಕಥೆ ಇನ್ನೂ ಸರಳ. 1985ರ ನಂತರ ಕರ್ನಾಟಕದ ವಿಧಾನಸಭಾ ಚುನಾವಣೆಗಳಲ್ಲಿ ಯಾವ ಆಡಳಿತ ಪಕ್ಷವೂ ಬಹುಮತದೊಂದಿಗೆ ಮರಳಿ ಬಂದಿಲ್ಲ. 2004ರಲ್ಲಿ ಹಿಂದಿನ ಚುನಾವಣೆಗಿಂತ ಮತದಾನ ತುಸು ಇಳಿದಿತ್ತು, 2013ರಲ್ಲಿ ಏರಿತ್ತು, 2023ರಲ್ಲಿ ಶೇ 73 ದಾಟಿತು. ಇಳಿದಾಗಲೂ ಏರಿದಾಗಲೂ ಸೋತದ್ದು ಅಧಿಕಾರದಲ್ಲಿದ್ದವರೇ. ಭಾರತದ ರಾಜ್ಯಗಳಲ್ಲಿ 1980ರಿಂದ 2012ರವರೆಗೆ ನಡೆದ ವಿಧಾನಸಭಾ ಚುನಾವಣೆಗಳನ್ನು ಒಟ್ಟಿಗಿಟ್ಟು ಮಿಲನ್ ವೈಷ್ಣವ್ ಮತ್ತು ಜೊನಾಥನ್ ಗೈ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮತದಾನದ ಏರಿಕೆಗೂ ಆಡಳಿತ ಪಕ್ಷದ ಸೋಲಿಗೂ ನಂಬಬಹುದಾದ ಯಾವ ಸಂಬಂಧವೂ ಅವರಿಗೆ ಕಾಣಲಿಲ್ಲ. ಹಾಗಿದ್ದರೂ ಈ ಮಾತು ಪ್ರತಿ ಚುನಾವಣೆಯಲ್ಲೂ ಏಕೆ ಕೇಳಿಬರುತ್ತದೆಯೆಂದರೆ, ಆ ಸಂಜೆ ಚರ್ಚೆಗೆ ಕುಳಿತವರ ಕೈಯಲ್ಲಿರುವುದು ಆ ಒಂದು ಸಂಖ್ಯೆ ಮಾತ್ರ, ಗಂಟೆಗಟ್ಟಲೆ ಮಾತನಾಡಬೇಕಾದ ಅನಿವಾರ್ಯ ಬೇರೆ.

ಇದರ ಜೊತೆಗೆ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಶೇಕಡಾವಾರು ಎಂದರೆ ಬಂದವರನ್ನು ಪಟ್ಟಿಯಲ್ಲಿರುವವರಿಂದ ಭಾಗಿಸಿದ್ದು. ಪಟ್ಟಿ ಕಿರಿದಾದರೆ ಒಬ್ಬರೂ ಹೆಚ್ಚಿಗೆ ಬಾರದಿದ್ದರೂ ಶೇಕಡಾವಾರು ಏರುತ್ತದೆ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯ ನಂತರ ಹೆಸರುಗಳ ಸಂಖ್ಯೆ 7.89 ಕೋಟಿಯಿಂದ 7.42 ಕೋಟಿಗೆ ಇಳಿಯಿತು, ಮತದಾನ ಶೇ 67ರ ಹತ್ತಿರಕ್ಕೆ ಬಂದು ಆ ರಾಜ್ಯದ ದಾಖಲೆಯಾಯಿತು. ಮತ ಹಾಕಿದವರ ಸಂಖ್ಯೆಯೂ ಅಲ್ಲಿ ನಿಜವಾಗಿಯೇ ಹೆಚ್ಚಿತ್ತು, ಆದರೆ ಆ ಏರಿಕೆಯ ಒಂದು ಪಾಲು ಪಟ್ಟಿ ಕಿರಿದಾದದ್ದರಿಂದ ಬಂದದ್ದು. ಮತ್ತೆ ಆ ದಾಖಲೆ ಮತದಾನದಲ್ಲಿ ಗೆದ್ದದ್ದೂ ಆಡಳಿತದಲ್ಲಿದ್ದ ಮೈತ್ರಿಕೂಟವೇ ಎಂಬುದನ್ನು ಮರೆಯಬಾರದು.

2023ರಲ್ಲಿ ನಮ್ಮ ಕ್ಷೇತ್ರದ ಫಲಿತಾಂಶ ನಿರ್ಧಾರವಾದದ್ದು ಕೇವಲ 248 ಮತಗಳಿಂದ. ಅಂದು ನಮ್ಮ ಕಾರ್ಖಾನೆಯ ಗೆಳೆಯರಲ್ಲಿ ಹಲವರು ಮತ ಹಾಕಲೇ ಇಲ್ಲ. ಅವರು ಬಂದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು ಎನ್ನಬಹುದೇ?
— ಕಾರ್ಮಿಕ, ಮಾಲೂರು

ಆಗಬಹುದಾಗಿತ್ತು ಎನ್ನಬಹುದು, ಆಗುತ್ತಿತ್ತು ಎನ್ನಲಾಗದು. ಮಾಲೂರಿನಲ್ಲಿ ಅಂದು ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರೂ ಬಿಜೆಪಿಯ ಕೆ.ಎಸ್. ಮಂಜುನಾಥಗೌಡರೂ ತಲಾ 50 ಸಾವಿರಕ್ಕಿಂತ ತುಸು ಹೆಚ್ಚು ಮತ ಪಡೆದರು, ಪಕ್ಷೇತರರಾಗಿ ನಿಂತ ಮೂರನೆಯವರೂ ಅದರ ಹತ್ತಿರಕ್ಕೇ ಬಂದಿದ್ದರು. ಎಣಿಕೆಯ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಮೂವರು ಹೀಗೆ ಸಮಬಲದಲ್ಲಿ ನಿಂತಿರುವಾಗ ತಮ್ಮ ಗೆಳೆಯರ ಮತಗಳು ಮೂರು ದಿಕ್ಕಿಗೂ ಹಂಚಿಹೋಗುವ ಸಾಧ್ಯತೆಯೇ ಹೆಚ್ಚು.

‘ಬಾರದವರ ಸಂಖ್ಯೆ ಗೆಲುವಿನ ಅಂತರಕ್ಕಿಂತ ಹೆಚ್ಚು’ ಎಂಬ ವಾಕ್ಯ ಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸುತ್ತದೆ. ಅದು ಹೆಚ್ಚುಕಡಿಮೆ ಎಲ್ಲ ಕ್ಷೇತ್ರಗಳಿಗೂ ಅನ್ವಯಿಸುವ ಮಾತಾದ್ದರಿಂದ ಅದರಿಂದ ತಿಳಿಯುವುದು ಅಷ್ಟಕ್ಕಷ್ಟೆ. ತುಮಕೂರು ಲೋಕಸಭಾ ಕ್ಷೇತ್ರವನ್ನೇ ನೋಡಿ. 2019ರಲ್ಲಿ ಎಚ್.ಡಿ. ದೇವೇಗೌಡರು ಜಿ.ಎಸ್. ಬಸವರಾಜು ಅವರ ಎದುರು 13,339 ಮತಗಳಿಂದ ಸೋತರು. ಸುಮಾರು 16 ಲಕ್ಷ ಮತದಾರರಲ್ಲಿ ಮತಗಟ್ಟೆಗೆ ಬಾರದವರು ಮೂರೂವರೆ ಲಕ್ಷಕ್ಕೂ ಮೀರಿದ್ದರು. ಅವರೆಲ್ಲರೂ ಬಂದಿದ್ದು, ಬಂದವರ ಒಲವಿನ ಪ್ರಮಾಣದಲ್ಲೇ ಹಂಚಿಹೋಗಿದ್ದರೆ ಗೆದ್ದವರೇ ಗೆಲ್ಲುತ್ತಿದ್ದರು, ಅಂತರ ಮಾತ್ರ ಹಿಗ್ಗುತ್ತಿತ್ತು. ಫಲಿತಾಂಶ ತಿರುಗಬೇಕಾದರೆ ಹೆಚ್ಚುವರಿಯಾಗಿ ಬಂದವರ ಒಲವು ಮೊದಲು ಬಂದವರಿಗಿಂತ ಬೇರೆಯಾಗಿರಬೇಕು. ಒಂದು ಲಕ್ಷ ಮಂದಿ ಹೆಚ್ಚಿಗೆ ಬಂದಿದ್ದರೆ ಅವರಲ್ಲಿ ಸುಮಾರು 57 ಸಾವಿರ ಮಂದಿ ಸೋತವರ ಕಡೆಗೂ 43 ಸಾವಿರ ಮಂದಿ ಗೆದ್ದವರ ಕಡೆಗೂ ನಿಂತಿದ್ದಾಗ ಮಾತ್ರ ಆ ಅಂತರ ಅಳಿಯುತ್ತಿತ್ತು. ಅಂಥ ವ್ಯತ್ಯಾಸ ಅಸಾಧ್ಯವಲ್ಲ, ಆದರೆ ತಾನಾಗಿ ಬರುವುದೂ ಅಲ್ಲ.

ಮನೆಯಲ್ಲೇ ಉಳಿಯುವುದಕ್ಕೂ ಮನಸ್ಸು ಬದಲಿಸುವುದಕ್ಕೂ ಇರುವ ಅಂತರವನ್ನು ಪಕ್ಷದ ಕಾರ್ಯಕರ್ತರು ಚೆನ್ನಾಗಿ ಬಲ್ಲರು. ಸಾವಿರ ಮತದಾರರ ಒಂದು ಬೂತಿನಲ್ಲಿ ಎಂಟುನೂರು ಮಂದಿ ಬಂದು, ಇಬ್ಬರು ಅಭ್ಯರ್ಥಿಗಳಿಗೆ ತಲಾ 400 ಮತ ಬೀಳುವಂತಿತ್ತು ಎಂದುಕೊಳ್ಳೋಣ. ಮೊದಲನೆಯವರ ಬೆಂಬಲಿಗರಲ್ಲಿ ಹತ್ತು ಮಂದಿ ಬಾರದೆ ಉಳಿದರೆ 390ಕ್ಕೆ 400, ಅಂತರ ಹತ್ತು. ಆ ಹತ್ತು ಮಂದಿಯೇ ಬಂದು ಎರಡನೆಯವರಿಗೆ ಹಾಕಿದರೆ 390ಕ್ಕೆ 410, ಅಂತರ ಇಪ್ಪತ್ತು. ಮನಸ್ಸು ಬದಲಿಸಿದ ಮತಕ್ಕೆ ಹೀಗೆ ಇಮ್ಮಡಿ ಬೆಲೆ. ಆದರೆ ಮನಸ್ಸು ಬದಲಿಸುವ ಕೆಲಸಕ್ಕೆ ತಿಂಗಳುಗಳು ಬೇಕು. ತಮ್ಮವರನ್ನು ಮನೆಯಿಂದ ಹೊರಡಿಸುವ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು. ಮತಗಟ್ಟೆಯೊಳಗೆ ಅಧಿಕಾರಿ ಪ್ರತಿ ಮತದಾರರ ಕ್ರಮಸಂಖ್ಯೆ ಮತ್ತು ಹೆಸರನ್ನು ಗಟ್ಟಿಯಾಗಿ ಓದುತ್ತಾರೆ, ಬೆಂಚಿನ ಮೇಲೆ ಕುಳಿತ ಏಜೆಂಟರು ತಮ್ಮ ಬಳಿಯ ಪಟ್ಟಿಯಲ್ಲಿ ಆ ಸಾಲಿಗೆ ಗೆರೆ ಎಳೆಯುತ್ತಾರೆ. ಮೂರು ಗಂಟೆಯ ಹೊತ್ತಿಗೆ ಯಾವ ಬೀದಿಯ ಯಾವ ಮನೆಯಿಂದ ಯಾರು ಬಂದಿಲ್ಲ ಎಂಬುದು ಹೊರಗೆ ಮೇಜು ಹಾಕಿಕೊಂಡು ಕುಳಿತವರಿಗೂ ಹೇಗೋ ತಿಳಿದಿರುತ್ತದೆ. ಆ ನಂತರದ ಎರಡು ಮೂರು ಗಂಟೆ ಅವರು ಹೊಸಬರನ್ನು ಒಲಿಸುವುದಿಲ್ಲ, ತಮ್ಮವರೆಂದು ನಂಬಿದವರ ಮನೆಬಾಗಿಲನ್ನು ಮಾತ್ರ ತಟ್ಟುತ್ತಾರೆ. ಅಪರೂಪಕ್ಕೆ ಮತ ಹಾಕುವವರು ಒಂದು ಕಡೆಯವರಾಗಿ ಎಣಿಕೆಗೆ ಬರುವುದು ಈ ದಾರಿಯಿಂದ.

ಒಂದೇ ಮತದ ಉದಾಹರಣೆ ಬೇಕೆಂದರೆ 2004ರ ಸಂತೇಮರಹಳ್ಳಿ ಇದೆ: ಎ.ಆರ್. ಕೃಷ್ಣಮೂರ್ತಿಯವರಿಗೆ 40,751, ಆರ್. ಧ್ರುವನಾರಾಯಣ ಅವರಿಗೆ 40,752. ಕೃಷ್ಣಮೂರ್ತಿಯವರ ಕಾರಿನ ಚಾಲಕರಿಗೆ ಅಂದು ಮತ ಹಾಕಲು ಬಿಡುವಾಗಲಿಲ್ಲ ಎಂಬ ಸುದ್ದಿ ಆಗ ರಾಜ್ಯದ ತುಂಬ ಓಡಾಡಿತ್ತು.

ಶಿರಾದಲ್ಲಿ 2018ರಲ್ಲಿ ಮೂರನೇ ಸ್ಥಾನದಲ್ಲಿದ್ದ ಪಕ್ಷ 2020ರ ಉಪಚುನಾವಣೆಯಲ್ಲಿ ಗೆದ್ದಿತು. ಹೊಸ ಮತದಾರರು ಮೇಲೆದ್ದು ಬಂದದ್ದೇ ಇದಕ್ಕೆ ಕಾರಣವೆಂದು ಅನೇಕರ ವಾದ. ತಮ್ಮ ಅಭಿಪ್ರಾಯವೇನು?
— ಓದುಗ, ಶಿರಾ

ಸಂಖ್ಯೆಗಳು ಆ ವಾದವನ್ನು ಒಪ್ಪುವುದಿಲ್ಲ. ಶಿರಾದಲ್ಲಿ 2018ರಲ್ಲೂ ಶೇ 80ಕ್ಕಿಂತ ಹೆಚ್ಚು ಮತದಾನವಾಗಿತ್ತು, ಕೋವಿಡ್ ಭಯದ ನಡುವೆ 2020ರ ನವೆಂಬರ್ 3ರಂದು ನಡೆದ ಉಪಚುನಾವಣೆಯಲ್ಲೂ ಶೇ 80ಕ್ಕಿಂತ ಹೆಚ್ಚೇ ಆಗಿತ್ತು. ಅದೇ ದಿನ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಅರ್ಧದಷ್ಟು ಮಂದಿಯೂ ಮತ ಹಾಕಲಿಲ್ಲ. ಮತದಾನ ಬಹುಮಟ್ಟಿಗೆ ಅಲುಗದೆ ಫಲಿತಾಂಶ ತಲೆಕೆಳಗಾಯಿತೆಂದರೆ, ಹಳೆಯ ಮತದಾರರೇ ಪಕ್ಷ ಬದಲಿಸಿದರು ಎಂದೇ ತಿಳಿಯಬೇಕು.

ಈ ಮೂರು ಜಿಲ್ಲೆಗಳ ಮಟ್ಟಿಗೆ ಇದು ಮುಖ್ಯವಾದ ಸಂಗತಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮತದಾನ ಶೇ 85 ದಾಟಿ ರಾಜ್ಯದಲ್ಲೇ ಮುಂದಿತ್ತು. ತುಮಕೂರು ಮತ್ತು ಕೋಲಾರ ಜಿಲ್ಲೆಗಳೂ ಶೇ 80ರ ಮೇಲಿದ್ದವು. ಪಟ್ಟಿಯಲ್ಲಿ ಉಳಿದ ಹದಿನೈದು ಇಪ್ಪತ್ತು ಅಂಶದಲ್ಲಿ ತೀರಿಕೊಂಡವರು, ಮದುವೆಯಾಗಿ ಬೇರೆ ಊರು ಸೇರಿದವರು, ಎರಡು ಕಡೆ ಹೆಸರಿರುವವರು, ಹಾಸಿಗೆ ಹಿಡಿದವರು ಎಲ್ಲರೂ ಸೇರಿರುತ್ತಾರೆ. ಬರಬಲ್ಲವರಾಗಿದ್ದೂ ಬಾರದವರು ಇಲ್ಲಿ ತೀರ ಕಡಿಮೆ. ಹಾಗಾಗಿ ಈ ಸೀಮೆಯಲ್ಲಿ ಮತದಾನದ ಏರಿಳಿತಕ್ಕಿಂತ ಮತಗಳ ವರ್ಗಾವಣೆಯೇ ಫಲಿತಾಂಶವನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ರಾಜ್ಯಮಟ್ಟದಲ್ಲೂ ಇದಕ್ಕೆ ಪುರಾವೆಯಿದೆ. ಬಿಜೆಪಿ 2018ರಲ್ಲಿ ಸುಮಾರು 1.33 ಕೋಟಿ ಮತ ಪಡೆದು 104 ಸ್ಥಾನ ಗೆದ್ದಿತು. 2023ರಲ್ಲಿ ಸುಮಾರು 1.4 ಕೋಟಿ ಮತ ಪಡೆದು 66ಕ್ಕೆ ಇಳಿಯಿತು. ಎರಡೂ ಬಾರಿ ಅದರ ಪಾಲು ಶೇ 36. ಬದಲಾದದ್ದು ಎದುರಿನ ಹಂಚಿಕೆ: ಜೆಡಿಎಸ್‌ನ ಪಾಲು ಶೇ 18ರಿಂದ 13ಕ್ಕೆ ಇಳಿದು, ಕಾಂಗ್ರೆಸ್ಸಿನ ಪಾಲು ಶೇ 38ರಿಂದ 43ರ ಹತ್ತಿರಕ್ಕೆ ಏರಿತು.

ಒಟ್ಟು ಪ್ರಮಾಣ ನಿಂತಲ್ಲೇ ನಿಂತಿದ್ದರೂ ಒಳಗೆ ಬಂದವರು ಬೇರೆಯಾಗಿರಬಹುದು ಎಂಬ ಮಾತನ್ನು ಇದಕ್ಕೆ ಸೇರಿಸಬೇಕು. 2010ರ ಬಿಹಾರ ಚುನಾವಣೆಯಿಂದ ಅಲ್ಲಿ ಮಹಿಳೆಯರ ಮತದಾನ ಪುರುಷರಿಗಿಂತ ಮೇಲಿದೆ. 2019ರಲ್ಲಿ ಇಡೀ ದೇಶದ ಲೆಕ್ಕದಲ್ಲೂ ಮಹಿಳೆಯರು ಕೂದಲೆಳೆಯಷ್ಟು ಮುಂದೆ ಬಂದರು. ಎಲ್ಲ ಪಕ್ಷಗಳ ಪ್ರಣಾಳಿಕೆಗಳೂ ಈಗ ಗೃಹಿಣಿಯರ ಖಾತೆಗೆ ಹಣ ಹಾಕುವ ಮಾತಿನಿಂದ ತುಂಬಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಹೇಳುವುದು ಕಷ್ಟ.

ಬಿಜೆಪಿಯ ಡಾ. ಕೆ. ಸುಧಾಕರ್ 2023ರಲ್ಲಿ ಚಿಕ್ಕಬಳ್ಳಾಪುರ ವಿಧಾನಸಭಾ ಕ್ಷೇತ್ರದಲ್ಲಿ 10,642 ಮತಗಳಿಂದ ಸೋತರು. ಮರುವರ್ಷವೇ ಲೋಕಸಭೆಗೆ 1.6 ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಮತದಾನ ಕಡಿಮೆಯಾದದ್ದು ಇದಕ್ಕೆ ಕಾರಣವೇ?
— ಪದವಿ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಮೂರು ಕಾರಣಗಳಲ್ಲಿ ಅದು ಎಲ್ಲಕ್ಕಿಂತ ಚಿಕ್ಕದು. ಮೊದಲನೆಯದಾಗಿ ಎರಡೂ ಒಂದೇ ಮತದಾರರಲ್ಲ: ಲೋಕಸಭಾ ಕ್ಷೇತ್ರದಲ್ಲಿ ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರಗಳ ಜೊತೆ ಯಲಹಂಕ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲಗಳೂ ಇವೆ, ಜಿಲ್ಲೆಯದೇ ಆದ ಚಿಂತಾಮಣಿ ಮತ್ತು ಶಿಡ್ಲಘಟ್ಟ ಕೋಲಾರಕ್ಕೆ ಸೇರಿವೆ. ಎರಡನೆಯದಾಗಿ 2023ರಲ್ಲಿ ಎದುರುಬದುರಾಗಿದ್ದ ಬಿಜೆಪಿ ಮತ್ತು ಜೆಡಿಎಸ್ 2024ರಲ್ಲಿ ಒಂದಾಗಿದ್ದವು. ಇವೆರಡನ್ನೂ ಕಳೆದ ಮೇಲೆ ಉಳಿಯುವುದು ಮತದಾನದ ಇಳಿಕೆ. ವಿಧಾನಸಭೆಗೆ ಬಂದು ಲೋಕಸಭೆಗೆ ಬಾರದ ಒಂದು ಗುಂಪು ಇದೆಯೆಂಬುದು ನಿಜ, ಆದರೆ ಲಕ್ಷ ಮೀರಿದ ಅಂತರವನ್ನು ಆ ಗುಂಪಿನ ತಲೆಗೆ ಕಟ್ಟಲಾಗದು. 2014ರಲ್ಲಿ ವೀರಪ್ಪ ಮೊಯಿಲಿಯವರು ಇದೇ ಕ್ಷೇತ್ರದಲ್ಲಿ 9,520 ಮತಗಳಿಂದ ಗೆದ್ದಂಥ ಪೈಪೋಟಿಯಿದ್ದಾಗ ಮಾತ್ರ ಆ ಗುಂಪಿನ ಗೈರುಹಾಜರಿ ತೂಕಕ್ಕೆ ಬರುತ್ತದೆ.

ಅಮೆರಿಕದಲ್ಲಿರುವ ನನ್ನ ತಮ್ಮ ‘ಇಲ್ಲಿ ಚುನಾವಣೆ ಗೆಲ್ಲಿಸುವುದು ಯಾವಾಗಲೋ ಒಮ್ಮೆ ಮತ ಹಾಕುವವರು’ ಎನ್ನುತ್ತಾನೆ. ಅಲ್ಲಿಯ ಮಾತು ನಮಗೂ ಅನ್ವಯಿಸುತ್ತದೆಯೇ?
— ರೇಷ್ಮೆ ವ್ಯಾಪಾರಿ, ಶಿಡ್ಲಘಟ್ಟ

ತಮ್ಮ ಸಹೋದರರ ಮಾತು ಅಲ್ಲಿಯ ಮಟ್ಟಿಗೆ ಬಹುತೇಕ ಸರಿ. ಅಲ್ಲಿ ಅಧ್ಯಕ್ಷೀಯ ಚುನಾವಣೆಗೆ ಮೂವರಲ್ಲಿ ಇಬ್ಬರು ಬಂದರೆ ಕಳೆದ ನೂರು ವರ್ಷಗಳಲ್ಲಿ ಅದೇ ದಾಖಲೆ. ಅಧ್ಯಕ್ಷರ ಅವಧಿಯ ನಡುವೆ ಸಂಸತ್ತಿಗೆ ನಡೆಯುವ ಮಧ್ಯಾವಧಿ ಚುನಾವಣೆಗೆ 2014ರಲ್ಲಿ ಶೇ 40ರಷ್ಟು ಮಂದಿಯೂ ಬರಲಿಲ್ಲ. ಬಾರದವರ ಗುಂಪು ಅಷ್ಟು ದೊಡ್ಡದಿದ್ದು, ಪೈಪೋಟಿ ಕೆಲವೇ ರಾಜ್ಯಗಳಲ್ಲಿ ನಡೆಯುವುದರಿಂದ ಸಣ್ಣ ಚಲನೆಯೂ ದೊಡ್ಡದಾಗುತ್ತದೆ. 2020ರಲ್ಲಿ ಅರಿಜೋನ, ಜಾರ್ಜಿಯ, ವಿಸ್ಕಾನ್ಸಿನ್ ಮೂರೂ ಸೇರಿ ಜೋ ಬೈಡನ್ ಅವರಿಗೆ ಸಿಕ್ಕ ಒಟ್ಟು ಅಂತರ ಸುಮಾರು 43 ಸಾವಿರ ಮತಗಳು.

ಮತದಾನ ಹೆಚ್ಚಿದರೆ ಡೆಮಾಕ್ರಟಿಕ್ ಪಕ್ಷಕ್ಕೆ ಲಾಭ ಎಂಬ ನಂಬಿಕೆ ಅಲ್ಲಿ ದಶಕಗಳಿಂದ ಬೇರುಬಿಟ್ಟಿತ್ತು. ಬಾರದವರಲ್ಲಿ ಬಡವರು, ಯುವಕರು, ಅಲ್ಪಸಂಖ್ಯಾತರು ಹೆಚ್ಚು ಎಂಬುದು ಅದರ ಹಿಂದಿನ ತರ್ಕ. 2024ರಲ್ಲಿ ಅದು ಮುರಿದುಬಿತ್ತು. ಪ್ಯೂ ಸಂಶೋಧನಾ ಸಂಸ್ಥೆ ಅಧಿಕೃತ ಮತದಾನ ದಾಖಲೆಗಳೊಂದಿಗೆ ತಾಳೆ ನೋಡಿ ಮಾಡಿದ ಅಧ್ಯಯನದ ಪ್ರಕಾರ, ಮತ ಹಾಕದೆ ಉಳಿದವರಲ್ಲಿ ಶೇ 44 ಮಂದಿ ಟ್ರಂಪ್ ಅವರನ್ನೂ ಶೇ 40 ಮಂದಿ ಹ್ಯಾರಿಸ್ ಅವರನ್ನೂ ಬಯಸಿದ್ದರು. ಎಲ್ಲರೂ ಬಂದಿದ್ದರೂ ಫಲಿತಾಂಶ ಅದೇ ಆಗಿರುತ್ತಿತ್ತು. 2020ರ ಟ್ರಂಪ್ ಮತದಾರರಲ್ಲಿ ಶೇ 89 ಮಂದಿ ಮತ್ತೆ ಮತಗಟ್ಟೆಗೆ ಬಂದರೆ, ಬೈಡನ್ ಮತದಾರರಲ್ಲಿ ಬಂದವರು ಶೇ 85. ಅಪರೂಪದ ಮತದಾರ ಯಾವ ಪಕ್ಷದ ಠೇವಣಿಯೂ ಅಲ್ಲ, ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಅವರ ಒಲವು ಸರಿಯುತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗಲಾರದು.

ನಮ್ಮಲ್ಲಿಗೆ ಬಂದರೆ ಚಿತ್ರ ಮಗುಚಿಕೊಳ್ಳುತ್ತದೆ. ಅಲ್ಲಿ ಓದಿದವರೂ ಅನುಕೂಲಸ್ಥರೂ ತಪ್ಪದೆ ಮತ ಹಾಕುತ್ತಾರೆ. ಇಲ್ಲಿ ಹಳ್ಳಿಯವರು, ಬಡವರು ಸಾಲಿನಲ್ಲಿ ನಿಲ್ಲುತ್ತಾರೆ, ನಗರದ ಬಡಾವಣೆಗಳು ಹಿಂದುಳಿಯುತ್ತವೆ. ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳನ್ನೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳನ್ನೂ ಹೋಲಿಸಿದರೆ ಇದು ತಾವಾಗಿಯೇ ತಿಳಿಯುತ್ತದೆ. ಆದರೆ ನಮ್ಮ ಅಪರೂಪದ ಮತದಾರರಲ್ಲಿ ಎರಡು ಬಗೆಯವರಿದ್ದಾರೆ: ರಜೆಯೆಂದು ಪ್ರವಾಸ ಹೊರಡುವ ಅನುಕೂಲಸ್ಥರು ಒಂದು ಬಗೆ, ದಿನಗೂಲಿ ಬಿಟ್ಟು ಊರಿಗೆ ಬರಲಾಗದ ವಲಸಿಗರು ಇನ್ನೊಂದು. ಇವರ ಒಲವುಗಳು ಒಂದೇ ಆಗಿರಲು ಕಾರಣವಿಲ್ಲ. ಆದ್ದರಿಂದ ‘ಮತದಾನ ಎರಡು ಅಂಶ ಹೆಚ್ಚಾಯಿತು’ ಎಂದು ಕೇಳಿದಾಗ ಯಾರು ಹೆಚ್ಚಾದರು ಎಂದು ವಿಚಾರಿಸದೆ ಅದರ ಅರ್ಥ ಹೇಳುವಂತಿಲ್ಲ.

ನನ್ನ ಇಬ್ಬರು ಮಕ್ಕಳು ಪೀಣ್ಯದಲ್ಲಿ ಕೆಲಸಕ್ಕಿದ್ದಾರೆ, ಹೆಸರು ಊರಿನ ಪಟ್ಟಿಯಲ್ಲೇ ಇದೆ. ಗ್ರಾಮ ಪಂಚಾಯಿತಿ ಚುನಾವಣೆಗೆ ತಪ್ಪದೆ ಬರುತ್ತಾರೆ, ಲೋಕಸಭೆಗೆ ಬರುವುದಿಲ್ಲ. ಯಾರಾದರೂ ಗಾಡಿ ಮಾಡಿಸಿಕೊಟ್ಟರೆ ಬರುವುದು ತಪ್ಪೇ?
— ಗೃಹಿಣಿ, ಪಾವಗಡ

ಪಂಚಾಯಿತಿಗೆ ನಿಂತವರು ನೆಂಟರೋ ನೆರೆಯವರೋ ಆಗಿರುತ್ತಾರೆ, ಬೆರಳೆಣಿಕೆಯ ಮತಗಳಲ್ಲಿ ಸೋಲು ಗೆಲುವು ನಿಂತಿರುತ್ತದೆ, ಬಾರದಿದ್ದರೆ ಮುಂದಿನ ಹಬ್ಬಕ್ಕೆ ಮುಖ ತೋರಿಸಲಾಗದು. ಲೋಕಸಭೆಗೆ ಅಂಥ ಒತ್ತಾಯವಿಲ್ಲ. ತಮ್ಮ ಮಕ್ಕಳು ಸೋಮಾರಿಗಳಲ್ಲ, ಪ್ರಯಾಣದ ಖರ್ಚಿಗೆ ತಕ್ಕ ಕಾರಣ ಕಂಡಾಗ ಬರುವವರು.

ಮತದಾನದ ದಿನ ಸಂಬಳಸಹಿತ ರಜೆ ಪಡೆಯುವುದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನ ಪ್ರಕಾರ ಅವರ ಹಕ್ಕು. ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಮತದಾರರನ್ನು ಕರೆತರಲು ಅಭ್ಯರ್ಥಿಯಾಗಲಿ ಏಜೆಂಟರಾಗಲಿ ವಾಹನ ಒದಗಿಸುವುದು ಅದೇ ಕಾಯ್ದೆಯ 123(5)ರಡಿ ಭ್ರಷ್ಟ ಆಚರಣೆ. ಮಕ್ಕಳು ತಮ್ಮ ಖರ್ಚಿನಲ್ಲಿ ಗೆಳೆಯರೊಂದಿಗೆ ಸೇರಿ ಗಾಡಿ ಮಾಡಿಕೊಂಡು ಬಂದರೆ ತಪ್ಪಿಲ್ಲ. ಬೆಂಗಳೂರಿನಲ್ಲೇ ನೆಲೆ ನಿಂತಿದ್ದರೆ ನಮೂನೆ 8 ತುಂಬಿ ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳುವುದು ನ್ಯಾಯವಾದ ಮಾರ್ಗ. ಎರಡೂ ಕಡೆ ಹೆಸರು ಇಟ್ಟುಕೊಳ್ಳಲು ಕಾನೂನು ಒಪ್ಪುವುದಿಲ್ಲ.

ಎಲ್ಲರಿಗೂ ಮತದಾನ ಕಡ್ಡಾಯ ಮಾಡಿದರೆ ಈ ಗೊಂದಲವೇ ಇರುವುದಿಲ್ಲವಲ್ಲ?
— ಓದುಗ, ಕೋಲಾರ

ಆಸ್ಟ್ರೇಲಿಯ 1924ರಲ್ಲಿ ಹಾಗೆ ಮಾಡಿತು. 1922ರಲ್ಲಿ ಶೇ 60ಕ್ಕಿಂತ ಕಡಿಮೆಯಿದ್ದ ಮತದಾನ 1925ರಲ್ಲಿ ಶೇ 91ಕ್ಕೆ ಜಿಗಿಯಿತು. ಅಲ್ಲಿ ಕಡ್ಡಾಯ ಮತದಾನದಿಂದ ಲೇಬರ್ ಪಕ್ಷದ ಪಾಲು ಗಣನೀಯವಾಗಿ ಹೆಚ್ಚಿತೆಂದು ಆಂಥನಿ ಫೌಲರ್ ತಮ್ಮ 2013ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಹೊರಗುಳಿದಿದ್ದವರಲ್ಲಿ ಕಾರ್ಮಿಕರು ಹೆಚ್ಚಿದ್ದದ್ದೇ ಕಾರಣ. ನಮ್ಮಲ್ಲಿ ಗುಜರಾತ್ ಸ್ಥಳೀಯ ಸಂಸ್ಥೆಗಳಿಗೆ ಇಂಥ ಕಾನೂನು ತಂದಿತು, 2015ರಲ್ಲಿ ಅಲ್ಲಿಯ ಹೈಕೋರ್ಟ್ ತಡೆ ನೀಡಿತು. ಪಾವಗಡದಿಂದ ದುಡಿಯಲು ಹೋದವರಿಗೆ ದಂಡ ಹಾಕುವ ಮೊದಲು ಅವರು ಇದ್ದಲ್ಲಿಂದಲೇ ಮತ ಹಾಕುವ ಏರ್ಪಾಡು ಮಾಡುವುದು ಲೇಸೆಂದು ನನಗೆ ತೋರುತ್ತದೆ.

ಮತದಾನದ ಸಂಜೆ ಹೇಳಿದ ಪ್ರಮಾಣ ಮರುದಿನ ಹೆಚ್ಚಾಗುವುದೇಕೆ?
— ಓದುಗ, ಗುಬ್ಬಿ

ಸಂಜೆಯದು ಅಂದಾಜು. ಸಮಯ ಮುಗಿದಾಗ ಸಾಲಿನಲ್ಲಿರುವವರಿಗೆಲ್ಲ, ಕೊನೆಯಲ್ಲಿ ನಿಂತವರಿಂದ ಆರಂಭಿಸಿ, ಚೀಟಿ ಕೊಡಲಾಗುತ್ತದೆ. ಅವರೆಲ್ಲರೂ ಮತ ಹಾಕುವಷ್ಟರಲ್ಲಿ ಕೆಲವೆಡೆ ರಾತ್ರಿಯಾಗುತ್ತದೆ. ದೂರದ ಮತಗಟ್ಟೆಗಳ ವಿವರ ತಡವಾಗಿ ಸೇರುತ್ತದೆ, ಅಂಚೆ ಮತಗಳು ಎಣಿಕೆಯ ದಿನವಷ್ಟೇ ಕೂಡುತ್ತವೆ. ಯಂತ್ರದಲ್ಲಿ ದಾಖಲಾದ ಮತಗಳ ಸಂಖ್ಯೆಯನ್ನು ನಮೂನೆ 17ಸಿಯಲ್ಲಿ ಬರೆದು ಅದರ ಪ್ರತಿಯನ್ನು ಮತದಾನ ಮುಗಿದ ಕೂಡಲೇ ಅಲ್ಲಿರುವ ಏಜೆಂಟರಿಗೆ ಕೊಡಬೇಕೆಂಬ ನಿಯಮವಿದೆ. ತಮ್ಮ ಬೂತಿನ ನಿಖರ ಸಂಖ್ಯೆ ಬೇಕಿದ್ದರೆ ಪರಿಚಯದ ಏಜೆಂಟರೊಬ್ಬರನ್ನು ಕೇಳಿ ನೋಡಬಹುದು.